ಮೊದಲ ದಿನದ ಹೇಳಿಕೆ

1959ರ ಮಾರ್ಚ್ 3ರಂದು ಬ್ರಿಟಿಷ್ ಆಡಳಿತದ ಆಫ್ರಿಕಾದಲ್ಲಿ ಎರಡು ಘಟನೆಗಳು ನಡೆದವು. ಕೀನ್ಯಾದ ಹೋಲಾ ಎಂಬಲ್ಲಿದ್ದ ಬಂಧನ ಶಿಬಿರದಲ್ಲಿ, ನೀರಾವರಿ ಯೋಜನೆಯ ಕೆಲಸಕ್ಕೆಂದು ಹೊರಗೆ ಕರೆತಂದಿದ್ದ 85 ಬಂದಿಗಳ ಮೇಲೆ ಕಾವಲುಗಾರರು ದೊಣ್ಣೆ ಬೀಸಿದರು. ಹನ್ನೊಂದು ಮಂದಿ ಸತ್ತರು. ಅದೇ ದಿನ ನಸುಕಿನಲ್ಲಿ, ಇಂದು ಮಲಾವಿ ಎನಿಸಿಕೊಂಡಿರುವ ನ್ಯಾಸಾಲ್ಯಾಂಡಿನಲ್ಲಿ, ಗವರ್ನರ್ ಸರ್ ರಾಬರ್ಟ್ ಆರ್ಮಿಟೇಜ್ ತುರ್ತು ಪರಿಸ್ಥಿತಿ ಘೋಷಿಸಿದರು. ಅಲ್ಲಿನ ಆಫ್ರಿಕನ್ ಕಾಂಗ್ರೆಸ್ಸಿನ ನಾಯಕ ಡಾ. ಹೇಸ್ಟಿಂಗ್ಸ್ ಬಂಡಾ ಅವರನ್ನು ಮಲಗಿದ್ದಲ್ಲಿಂದ ಎಬ್ಬಿಸಿ ಬಂಧಿಸಿ, ದಕ್ಷಿಣ ರೊಡೇಷಿಯಾದ ಜೈಲಿಗೆ ಸಾಗಿಸಲಾಯಿತು. ಎನ್‌ಖಾಟಾ ಬೇ ಎಂಬ ಊರಿನಲ್ಲಿ ಬಂಧಿತರನ್ನು ಬಿಡಿಸಿಕೊಳ್ಳಲು ನೆರೆದ ಜನರ ಮೇಲೆ ಗೋಲಿಬಾರ್ ನಡೆದು ಇಪ್ಪತ್ತು ಮಂದಿ ಪ್ರಾಣ ಕಳೆದುಕೊಂಡರು.

ಈ ಎರಡೂ ವಿಷಯಗಳು ಸುಮಾರು ಐದು ತಿಂಗಳ ನಂತರ, ಜುಲೈ 27 ಮತ್ತು 28ರಂದು, ಬೆನ್ನುಬೆನ್ನಿಗೆ ಲಂಡನ್ನಿನ ಕಾಮನ್ಸ್ ಸಭೆಯ ಮುಂದೆ ಬಂದವು. ವಸಾಹತು ನೀತಿಯ ಮೇಲೆ ಬ್ರಿಟಿಷ್ ಸಂಸತ್ತು ನಡೆಸಿದ ನೂರಾರು ಚರ್ಚೆಗಳಲ್ಲಿ ಈ ಎರಡು ದಿನಗಳ ಮಾತನ್ನು ಇತಿಹಾಸಕಾರರು ಇಂದಿಗೂ ನೆನೆಯುತ್ತಾರೆ. ನೆನೆಯುವಾಗ ಸಾಮಾನ್ಯವಾಗಿ ಭಾಷಣಗಳನ್ನೇ ಎತ್ತಿ ಹೇಳುತ್ತಾರೆ. ನನ್ನ ಆಸಕ್ತಿ ಭಾಷಣಗಳಿಗಿಂತ ಹೆಚ್ಚಾಗಿ ಅದಕ್ಕೂ ಹಿಂದಿನ ದಿನಗಳ ಮೇಲಿದೆ. ಸಚಿವರು ಈ ಚರ್ಚೆಗೆ ಹೇಗೆ ಸಿದ್ಧರಾದರು? ಏನನ್ನು ಓದಿದರು, ಯಾರನ್ನು ಕರೆಸಿಕೊಂಡರು, ಏನನ್ನು ಯಾವ ದಿನ ಪ್ರಕಟಿಸಿದರು? ಇವುಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಖಚಿತವಾಗುತ್ತದೆ: ಘಟನೆ ನಡೆದ ಮೊದಲ ದಿನ ಸರ್ಕಾರ ಏನು ಹೇಳಿತೋ ಆ ಹೇಳಿಕೆಯೇ ಮುಂದಿನ ಎಲ್ಲ ಸಿದ್ಧತೆಯ ದಿಕ್ಕನ್ನು ತೀರ್ಮಾನಿಸುತ್ತದೆ. ಅಲ್ಲಿಂದಾಚೆಗೆ ಸಚಿವರು ಸಿದ್ಧರಾಗುವುದು ಸತ್ಯ ತಿಳಿಯಲಿಕ್ಕಲ್ಲ, ಆ ಹೇಳಿಕೆಯನ್ನು ಉಳಿಸಿಕೊಳ್ಳಲಿಕ್ಕೆ. ಸರ್ಕಾರದ ಹಿಡಿತಕ್ಕೆ ಸಿಗದ ಯಾವುದೋ ಒಂದು ದಾಖಲೆ ಸಕಾಲದಲ್ಲಿ ಸದನದ ಮೇಜಿಗೆ ಬಂದಾಗ ಮಾತ್ರ ಚರ್ಚೆ ನಿಜವಾದ ಚರ್ಚೆಯಾಗುತ್ತದೆ.

ಸಿದ್ಧತೆಯ ಕ್ರಮವನ್ನೇ ಮೊದಲು ನೋಡೋಣ. ವಸಾಹತಿನ ಬಗ್ಗೆ ಸದಸ್ಯರೊಬ್ಬರು ಪ್ರಶ್ನೆ ಕೊಟ್ಟರೆ ವಸಾಹತು ಇಲಾಖೆಯಲ್ಲಿ ಅದಕ್ಕೊಂದು ಕಡತ ತೆರೆಯುತ್ತಿತ್ತು. ಆ ಪ್ರದೇಶ ನೋಡಿಕೊಳ್ಳುವ ಅಧಿಕಾರಿ ಗವರ್ನರಿಗೆ ತಂತಿ ಕಳುಹಿಸಿ ಮಾಹಿತಿ ಕೇಳುತ್ತಿದ್ದರು. ಗವರ್ನರ್ ತಮ್ಮ ಕೆಳಗಿನ ಜಿಲ್ಲಾಧಿಕಾರಿಯನ್ನೋ ಪೊಲೀಸ್ ಮುಖ್ಯಸ್ಥರನ್ನೋ ಕೇಳಿ ಉತ್ತರ ಕಳುಹಿಸುತ್ತಿದ್ದರು. ಅದನ್ನಾಧರಿಸಿ ಕರಡು ಉತ್ತರ ಸಿದ್ಧವಾಗುತ್ತಿತ್ತು. ಸದಸ್ಯರು ಎದ್ದುನಿಂತು ಕೇಳಬಹುದಾದ ಉಪಪ್ರಶ್ನೆಗಳನ್ನು ಊಹಿಸಿ ಅವಕ್ಕೂ ಟಿಪ್ಪಣಿ ಬರೆಯುತ್ತಿದ್ದರು. ಕರಡು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಏರುತ್ತ ಹೋದಂತೆ ಅದರ ಮೊನೆಗಳೆಲ್ಲ ಸವೆದು ನುಣ್ಣಗಾಗುತ್ತಿದ್ದವು. ಚರ್ಚೆಯ ದಿನ ಸ್ಪೀಕರ್ ಪೀಠದ ಹಿಂಬದಿಯ ಕಟ್ಟೆಯಲ್ಲಿ ಅಧಿಕಾರಿಗಳು ಕಡತ ಹಿಡಿದು ಕೂತಿರುತ್ತಿದ್ದರು, ಬೇಕಾದಾಗ ಚೀಟಿ ಬರೆದು ಮುಂದಕ್ಕೆ ಸಾಗಿಸುತ್ತಿದ್ದರು. ನಮ್ಮ ಲೋಕಸಭೆಯಲ್ಲಿ, ವಿಧಾನಸಭೆಯಲ್ಲಿ ಅಧಿಕಾರಿಗಳ ಗ್ಯಾಲರಿಯಿಂದ ಸಚಿವರಿಗೆ ಚೀಟಿ ಹೋಗುವುದನ್ನು ಕಂಡವರಿಗೆ ಈ ದೃಶ್ಯ ಹೊಸದೇನಲ್ಲ.

ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಸಾವಿರಾರು ಮೈಲಿ ದೂರದ ನಾಡಿನ ಬಗ್ಗೆ ಉತ್ತರ ಕೊಡಬೇಕಾದ ಸಚಿವರು ಮಾಹಿತಿ ತರಿಸಿಕೊಳ್ಳಲೇಬೇಕು. ಆದರೆ ವಸಾಹತಿನ ವಿಷಯದಲ್ಲಿ ಇದಕ್ಕೊಂದು ಮೂಲಭೂತ ಊನವಿತ್ತು. ಇಂಗ್ಲೆಂಡಿನ ಒಂದು ಜೈಲಿನಲ್ಲಿ ಹನ್ನೊಂದು ಮಂದಿ ಸತ್ತಿದ್ದರೆ ಆ ಕ್ಷೇತ್ರದ ಸದಸ್ಯ ಮರುದಿನವೇ ಎದ್ದು ನಿಲ್ಲುತ್ತಿದ್ದ; ಸತ್ತವರ ಮನೆಯವರು, ವಕೀಲರು, ಊರಿನ ಪತ್ರಿಕೆ ಎಲ್ಲರೂ ಸರ್ಕಾರದ ಮಾತಿಗೆ ಎದುರು ಮಾತು ಇಡುತ್ತಿದ್ದರು. ಹೋಲಾದಲ್ಲಿ ಸತ್ತವರಿಗೆ ಕಾಮನ್ಸ್ ಸಭೆಯಲ್ಲಿ ಪ್ರತಿನಿಧಿ ಇರಲಿಲ್ಲ, ಅವರ ಬಂಧುಗಳಿಗೆ ಮತವೂ ಇರಲಿಲ್ಲ. ಸಚಿವರ ಕಣ್ಣು, ಕಿವಿ ಎಲ್ಲವೂ ಗವರ್ನರೇ. ಅಂದರೆ ಯಾರ ನಡವಳಿಕೆ ವಿಚಾರಣೆಗೆ ಒಳಗಾಗಬೇಕೋ ಅವರೇ ವಿಚಾರಣೆಯ ಮಾಹಿತಿಯನ್ನೂ ಒದಗಿಸುತ್ತಿದ್ದರು.

ಹೋಲಾದ ಮೊದಲ ಹೇಳಿಕೆ ಬಂದದ್ದು ಹೀಗೆ. ನೈರೋಬಿಯ ಸರ್ಕಾರ ಹೊರಡಿಸಿದ ಪ್ರಕಟಣೆಯಲ್ಲಿ, ನೀರಿನ ಗಾಡಿಯಿಂದ ನೀರು ಕುಡಿದ ಬಳಿಕ ಆ ಬಂದಿಗಳು ಸತ್ತರು ಎಂದು ತಿಳಿಸಲಾಗಿತ್ತು. ಹೊಡೆತದ ಸುದ್ದಿಯೇ ಅದರಲ್ಲಿರಲಿಲ್ಲ. ಈ ವಾಕ್ಯವನ್ನು ಹತ್ತಿರದಿಂದ ಗಮನಿಸಬೇಕು. ಬಿಸಿಲಿನಲ್ಲಿ ದಣಿದ ಮಂದಿಗೆ ನೀರು ಕೊಟ್ಟದ್ದೂ ನಿಜ, ಆಮೇಲೆ ಅವರು ಸತ್ತದ್ದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟು, ನಡುವಿನ ಮೂರನೆಯ ನಿಜವನ್ನು ತೆಗೆದುಹಾಕಿದಾಗ ಉಳಿದದ್ದು ಶುದ್ಧ ಸುಳ್ಳು. ಓದಿದವರು ನೀರಿನಲ್ಲೇ ಏನೋ ದೋಷವಿತ್ತೆಂದು ತಿಳಿಯಬೇಕು, ಹಾಗಿತ್ತು ಅದರ ರಚನೆ.

ಈ ಹೇಳಿಕೆ ಬಹಳ ದಿನ ಬಾಳಲಿಲ್ಲ. ಹೆಣಗಳ ಮೇಲಿನ ಗಾಯಗಳು ಬೇರೆ ಕತೆ ಹೇಳಿದವು. ಮ್ಯಾಜಿಸ್ಟ್ರೇಟರು ನಡೆಸಿದ ಮರಣ ವಿಚಾರಣೆಯಲ್ಲಿ ಸಾವಿಗೆ ಹೊಡೆತದ ಗಾಯಗಳು, ಆಘಾತ ಮತ್ತು ರಕ್ತಸ್ರಾವವೇ ಕಾರಣ ಎಂದು ಸ್ಪಷ್ಟವಾಯಿತು. ಕೆಲಸ ಮಾಡಲು ಒಪ್ಪದವರನ್ನು ಬಲವಂತದಿಂದ ಕೆಲಸಕ್ಕೆ ಹಚ್ಚುವ ಯೋಜನೆಯೊಂದನ್ನು ಜೈಲು ಇಲಾಖೆಯ ಹಿರಿಯ ಅಧಿಕಾರಿ ಜಾನ್ ಕೋವನ್ ಬರೆದುಕೊಟ್ಟಿದ್ದರೆಂಬುದೂ, ಅದು ಮೇಲಿನವರ ಒಪ್ಪಿಗೆ ಪಡೆದಿತ್ತೆಂಬುದೂ ಹೊರಬಿತ್ತು. ಜೂನ್ ಹೊತ್ತಿಗೆ ಈ ಕಾಗದಪತ್ರಗಳು ಶ್ವೇತಪತ್ರವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಜೂನ್ 16ರಂದು ವಿರೋಧ ಪಕ್ಷವಾದ ಲೇಬರ್ ಸದನದಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆಡಳಿತ ಪಕ್ಷದ ಸದಸ್ಯರು ಒಗ್ಗಟ್ಟಾಗಿ ಸರ್ಕಾರದ ಪರ ಮತ ಹಾಕಿದರು. ಸಚೇತಕರ ಲೆಕ್ಕದಲ್ಲಿ ಅಲ್ಲಿಗೆ ವಿಷಯ ಮುಗಿದಿತ್ತು.

ಇದನ್ನು ಕೆಳಹಂತದ ನೌಕರರ ಅತಿರೇಕವೆಂದು ತಳ್ಳಿಹಾಕುವಂತಿರಲಿಲ್ಲ. 1957ರಲ್ಲೇ ಕೀನ್ಯಾದ ಅಟಾರ್ನಿ ಜನರಲ್ ಎರಿಕ್ ಗ್ರಿಫಿತ್-ಜೋನ್ಸ್ ಗವರ್ನರ್ ಸರ್ ಎವೆಲಿನ್ ಬೇರಿಂಗ್ ಅವರಿಗೆ ಬರೆದ ಪತ್ರವೊಂದರಲ್ಲಿ, ನಾವು ಪಾಪ ಮಾಡಬೇಕಾಗಿ ಬಂದರೆ ಸದ್ದಿಲ್ಲದೆ ಮಾಡಬೇಕು ಎಂಬ ಅರ್ಥದ ಮಾತಿದೆ. ಬಂದಿಗಳ ಮೇಲೆ ಬಲಪ್ರಯೋಗಕ್ಕೆ ಕಾನೂನಿನ ಹೊದಿಕೆ ಹೊದಿಸುವ ಸಂದರ್ಭದಲ್ಲಿ ಬರೆದ ಪತ್ರ ಅದು. ಲಂಡನ್ನಿನ ಸದನದಲ್ಲಿ ಸಚಿವರು ಓದುವ ಉತ್ತರಕ್ಕೆ ಬೇಕಾದ ಮಾಹಿತಿ ಬರುತ್ತಿದ್ದದ್ದು ಇಂಥ ಕಚೇರಿಗಳಿಂದ ಎಂಬುದನ್ನು ಮರೆಯಬಾರದು. ಸಚಿವರು ಎಷ್ಟೇ ಶ್ರದ್ಧೆಯಿಂದ ಟಿಪ್ಪಣಿ ಓದಿದ್ದರೂ ಆ ಟಿಪ್ಪಣಿಯ ಬುಡದಲ್ಲೇ ಮುಚ್ಚುಮರೆ ಇತ್ತು.

ನ್ಯಾಸಾಲ್ಯಾಂಡಿನ ಮೊದಲ ಹೇಳಿಕೆಯನ್ನು ಕೊಟ್ಟವರು ಸ್ವತಃ ವಸಾಹತು ಸಚಿವ ಅಲನ್ ಲೆನಾಕ್ಸ್-ಬಾಯ್ಡ್. ತುರ್ತು ಪರಿಸ್ಥಿತಿ ಘೋಷಣೆಯಾದ ದಿನವೇ ಅವರು ಕಾಮನ್ಸ್ ಸಭೆಯಲ್ಲಿ, ಯುರೋಪಿಯನ್ನರನ್ನೂ ಏಷ್ಯನ್ನರನ್ನೂ ಸೌಮ್ಯವಾದಿ ಆಫ್ರಿಕನ್ ನಾಯಕರನ್ನೂ ಕೊಲ್ಲಲು ಕಾಂಗ್ರೆಸ್ ಸಂಚು ಹೂಡಿತ್ತು, ಹತ್ಯಾಕಾಂಡಕ್ಕೇ ತಯಾರಿ ನಡೆದಿತ್ತು ಎಂದರು. ಗವರ್ನರ್ ಕಳುಹಿಸಿದ್ದ ಗುಪ್ತಚರ ವರದಿಯಷ್ಟೇ ಈ ಮಾತಿಗೆ ಆಧಾರ. ಜನವರಿ 25ರಂದು ಕಾಂಗ್ರೆಸ್ಸಿನವರು ಕಾಡಿನಲ್ಲಿ ನಡೆಸಿದ್ದ ಸಭೆಯೊಂದರ ಬಗ್ಗೆ ಪೊಲೀಸ್ ಮಾಹಿತಿದಾರರು ಕೊಟ್ಟ ಸುದ್ದಿ ಅದು. ಬಂಡಾ ಆ ಸಭೆಯಲ್ಲಿರಲಿಲ್ಲ. ಹೇಳಿಕೆಯನ್ನು ಕೊಟ್ಟ ದಿನ ಅದರಿಂದ ಸರ್ಕಾರಕ್ಕೆ ಲಾಭವೇ ಆಯಿತು: ಕೀನ್ಯಾದಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಎದ್ದಿದ್ದ ಮಾವ್ ಮಾವ್ ದಂಗೆಯ ನೆನಪು ಹಸಿಯಾಗಿದ್ದ ಸದನ ನಂಬಿತು. ಆದರೆ ಒಮ್ಮೆ ಸದನದ ನಡಾವಳಿಯಲ್ಲಿ ದಾಖಲಾದ ಮಾತನ್ನು ಸಚಿವರು ಮರಳಿ ಪಡೆಯಲಾರರು. ಆ ಕ್ಷಣದಿಂದ ಲೆನಾಕ್ಸ್-ಬಾಯ್ಡ್ ತಮ್ಮದೇ ವಾಕ್ಯಕ್ಕೆ ಕಟ್ಟುಬಿದ್ದರು.

ಒತ್ತಡ ಹೆಚ್ಚಿದಾಗ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಸರ್ಕಾರ ತನಿಖಾ ಆಯೋಗ ನೇಮಿಸಿತು. ಅಧ್ಯಕ್ಷರು ಹೈಕೋರ್ಟ್ ನ್ಯಾಯಾಧೀಶ ಸರ್ ಪ್ಯಾಟ್ರಿಕ್ ಡೆವ್ಲಿನ್. ಸದಸ್ಯರಲ್ಲಿ ಒಬ್ಬರು ಗ್ಯಾಂಬಿಯಾದ ಮಾಜಿ ಗವರ್ನರ್ ಸರ್ ಪರ್ಸಿ ವಿನ್-ಹ್ಯಾರಿಸ್. ಇನ್ನೊಬ್ಬರು ಎರಡನೇ ಮಹಾಯುದ್ಧದಲ್ಲಿ ಮಾಂಟ್‌ಗೊಮರಿಯ ಗುಪ್ತಚರ ಮುಖ್ಯಸ್ಥರಾಗಿದ್ದ ಇ. ಟಿ. ವಿಲಿಯಮ್ಸ್, ಮತ್ತೊಬ್ಬರು ಪರ್ತ್ ನಗರದ ಮಾಜಿ ಲಾರ್ಡ್ ಪ್ರೊವೋಸ್ಟ್ ಸರ್ ಜಾನ್ ಪ್ರಿಮ್‌ರೋಸ್. ನಾಲ್ವರೂ ಆಳುವ ವರ್ಗಕ್ಕೇ ಸೇರಿದವರು, ಒಬ್ಬ ಆಫ್ರಿಕನ್ನನೂ ಇರಲಿಲ್ಲ. ಸರ್ಕಾರ ನಿಶ್ಚಿಂತೆಯಿಂದಿರಲು ಇಷ್ಟು ಸಾಕಿತ್ತು. ಆದರೆ ಆಯೋಗ ನ್ಯಾಸಾಲ್ಯಾಂಡಿಗೆ ಹೋಗಿ ನೂರಾರು ಜನರ ಸಾಕ್ಷ್ಯ ತೆಗೆದುಕೊಂಡಿತು. ಹಳ್ಳಿಗಳ ಜನ ಗುಂಪುಗುಂಪಾಗಿ ಬಂದು ಹೇಳಿಕೊಂಡರು. ಗವರ್ನರನ್ನು ದಾಟಿ ಜನರ ಮಾತು ಲಂಡನ್ನಿಗೆ ತಲುಪುವ ದಾರಿಯೊಂದು ಹೀಗೆ ತೆರೆಯಿತು.

ವರದಿಯ ಕರಡು ಜುಲೈ ತಿಂಗಳಲ್ಲಿ ಸರ್ಕಾರದ ಕೈ ಸೇರಿತು. ತುರ್ತು ಪರಿಸ್ಥಿತಿ ಘೋಷಿಸದೆ ಗವರ್ನರಿಗೆ ಬೇರೆ ದಾರಿಯಿರಲಿಲ್ಲ ಎಂದು ಆಯೋಗ ಒಪ್ಪಿತ್ತು. ಆದರೆ ಹತ್ಯಾಕಾಂಡದ ಸಂಚು ನಡೆದಿತ್ತೆಂಬುದನ್ನು ಅದು ಒಪ್ಪಲಿಲ್ಲ. ಬಂಧನದ ವೇಳೆ ಅನಗತ್ಯ ಹಾಗೂ ಕಾನೂನುಬಾಹಿರ ಬಲಪ್ರಯೋಗವಾಗಿದೆ ಎಂದಿತು. ತುರ್ತು ಪರಿಸ್ಥಿತಿಯ ಗಲಭೆಗಳಲ್ಲಿ ಸತ್ತ 51 ಮಂದಿಯೂ ಆಫ್ರಿಕನ್ನರೇ. ಒಬ್ಬ ಯುರೋಪಿಯನ್ನನೂ ಸತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನ್ಯಾಸಾಲ್ಯಾಂಡ್ ಸದ್ಯದ ಮಟ್ಟಿಗಾದರೂ ಪೊಲೀಸ್ ರಾಜ್ಯವಾಗಿದೆ ಎಂಬ ಮಾತು ವರದಿಯ ಮೊದಲ ಪುಟದಲ್ಲೇ ಇತ್ತು. ಬ್ರಿಟಿಷ್ ನ್ಯಾಯಾಧೀಶರೊಬ್ಬರು ಬ್ರಿಟಿಷ್ ವಸಾಹತಿನ ಬಗ್ಗೆ ಹೀಗೆ ಬರೆದದ್ದು ಸರ್ಕಾರದ ಪಾಲಿಗೆ ಸಿಡಿಲಿನಂತೆ ಎರಗಿತು.

ಚರ್ಚೆಯ ನಿಜವಾದ ಸಿದ್ಧತೆ ಶುರುವಾದದ್ದು ಈಗ. ವಾರಾಂತ್ಯದಲ್ಲಿ ಪ್ರಧಾನಿಯ ಗ್ರಾಮೀಣ ನಿವಾಸವಾದ ಚೆಕರ್ಸ್‌ನಲ್ಲಿ ಒಂದು ತಂಡ ಕಲೆತಿತು. ಲಾರ್ಡ್ ಚಾನ್ಸಲರ್ ಕಿಲ್‌ಮ್ಯೂರ್, ಅಟಾರ್ನಿ ಜನರಲ್ ರೆಜಿನಾಲ್ಡ್ ಮ್ಯಾನಿಂಗ್‌ಹ್ಯಾಮ್-ಬುಲ್ಲರ್, ವಸಾಹತು ಇಲಾಖೆಯ ಕಿರಿಯ ಸಚಿವ ಜೂಲಿಯನ್ ಏಮರಿ ಅಲ್ಲಿದ್ದರು. ಗವರ್ನರ್ ಆರ್ಮಿಟೇಜ್ ಅವರನ್ನೂ ಲಂಡನ್ನಿಗೆ ಕರೆಸಿಕೊಳ್ಳಲಾಗಿತ್ತು. ತಂಡದ ಕೆಲಸ ಒಂದೇ: ಡೆವ್ಲಿನ್ ವರದಿಗೆ ಉತ್ತರ ಬರೆಯುವುದು. ವರದಿಯ ಸಾಲುಸಾಲನ್ನೂ ಹಿಡಿದು, ಎಲ್ಲಿ ಒಪ್ಪಬಹುದು, ಎಲ್ಲಿ ಅಲ್ಲಗಳೆಯಬಹುದು, ಯಾವ ಸಾಕ್ಷ್ಯವನ್ನು ಬೇರೆ ರೀತಿ ಓದಬಹುದು ಎಂದು ನೋಡಿ ಪ್ರತಿವಾದವನ್ನು ಕಟ್ಟಲಾಯಿತು. ಅದು ಗವರ್ನರ್ ವಸಾಹತು ಸಚಿವರಿಗೆ ಬರೆದ ಅಧಿಕೃತ ಪತ್ರದ ರೂಪ ತಾಳಿತು. ಸಹಿ ಗವರ್ನರದು; ಬರವಣಿಗೆಯಲ್ಲಿ ಲಂಡನ್ನಿನ ಸಚಿವರ, ಕಾನೂನು ಪಂಡಿತರ ಕೈ. ಆರೋಪಕ್ಕೆ ಒಳಗಾದವನು ತನ್ನ ಸಮರ್ಥನೆಯನ್ನು ತೀರ್ಪು ಕೊಡುವವರ ಜೊತೆ ಕೂತು ಬರೆದಂತಾಯಿತು.

ಜುಲೈ 20ರಂದು ಸಂಪುಟ ಸಭೆ ಸೇರಿತು. ಮ್ಯಾಕ್‌ಮಿಲನ್ ಮೇಜಿನ ಸುತ್ತ ಒಬ್ಬೊಬ್ಬ ಸಚಿವರನ್ನೂ ಕೇಳಿ ಅಭಿಪ್ರಾಯ ಪಡೆದರು. ಲೆನಾಕ್ಸ್-ಬಾಯ್ಡ್ ಹೋಲಾ ವಿಷಯದಲ್ಲೇ ರಾಜೀನಾಮೆಗೆ ಸಿದ್ಧರಿದ್ದರು, ಪ್ರಧಾನಿ ತಡೆದಿದ್ದರು. ಸಾರ್ವತ್ರಿಕ ಚುನಾವಣೆ ಹತ್ತಿರವಿತ್ತು. ಹಿರಿಯ ಸಚಿವರೊಬ್ಬರು ಆಫ್ರಿಕಾದ ವಿಷಯದಲ್ಲಿ ಹುದ್ದೆ ಬಿಟ್ಟರೆ ಪಕ್ಷಕ್ಕೆ ಪೆಟ್ಟು ಎಂಬ ಲೆಕ್ಕಾಚಾರ ಎಲ್ಲರ ತಲೆಯಲ್ಲೂ ಇತ್ತು. ಸಂಪುಟ ಒಗ್ಗಟ್ಟಾಗಿ ನಿಂತಿತು. ಈ ಎಲ್ಲ ಓಡಾಟದಲ್ಲಿ ವರದಿ ಹೇಳಿದ್ದು ನಿಜವೇ ಎಂಬ ಪ್ರಶ್ನೆ ಹಿಂದೆ ಸರಿದು, ವರದಿಯಿಂದ ಪಾರಾಗುವುದು ಹೇಗೆ ಎಂಬುದೇ ಮುಂದೆ ಬಂತು. ಮಾರ್ಚ್ 3ರ ಮಾತು ತಪ್ಪಾಗಿತ್ತೆಂದು ಸದನದಲ್ಲಿ ಒಪ್ಪಿಕೊಂಡಿದ್ದರೆ ಇಷ್ಟೆಲ್ಲ ಶ್ರಮ ಬೇಕಿರಲಿಲ್ಲ.

ಜುಲೈ 23ರಂದು ಡೆವ್ಲಿನ್ ವರದಿ ಪ್ರಕಟವಾಯಿತು. ಆರ್ಮಿಟೇಜ್ ಪತ್ರವೂ ಅದೇ ದಿನ ಪ್ರಕಟವಾಯಿತು. ಪ್ರಕಟಣೆಯ ಕ್ರಮಸಂಖ್ಯೆ ಕೂಡ ಒಂದಾದ ಮೇಲೊಂದು: ವರದಿ 814, ಪತ್ರ 815. ದಿನಾಂಕದ ಈ ಆಯ್ಕೆ ಆಕಸ್ಮಿಕವಲ್ಲ. ವರದಿ ಒಂಟಿಯಾಗಿ ನಾಲ್ಕು ದಿನ ಓದುಗರ ಕೈಯಲ್ಲಿದ್ದಿದ್ದರೆ ಪತ್ರಿಕೆಗಳು ಅದನ್ನೇ ಚರ್ಚಿಸುತ್ತಿದ್ದವು. ಎರಡೂ ಜೊತೆಗೇ ಬಂದದ್ದರಿಂದ, ಸ್ಥಳದಲ್ಲಿ ಸಾಕ್ಷ್ಯ ಪಡೆದ ತನಿಖೆಯೂ ಅದರಿಂದ ಟೀಕೆಗೊಳಗಾದ ಆಡಳಿತದ ಸಮರ್ಥನೆಯೂ ಸಮಾನ ತೂಕದ ಎರಡು ಅಭಿಪ್ರಾಯಗಳಂತೆ ಕಂಡವು. ಜುಲೈ 28ರ ಚರ್ಚೆಯಲ್ಲಿ ಅಟಾರ್ನಿ ಜನರಲ್ ಸರ್ಕಾರದ ವಾದವನ್ನು ನ್ಯಾಯಾಲಯದಲ್ಲಿ ಮಂಡಿಸುವಂತೆ ಮಂಡಿಸಿದರು. ತುರ್ತು ಪರಿಸ್ಥಿತಿ ಸಮರ್ಥನೀಯ ಎಂಬ ಆಯೋಗದ ಮಾತನ್ನು ಎತ್ತಿ ಹಿಡಿದರು, ಉಳಿದದ್ದನ್ನು ಪ್ರಶ್ನಿಸಿದರು. ಬಹುಮತ ಸರ್ಕಾರದ ಕೈಯಲ್ಲಿತ್ತು. ಸರ್ಕಾರ ಗೆದ್ದಿತು.

ಆದರೆ ಅದರ ಹಿಂದಿನ ರಾತ್ರಿ ಹೋಲಾ ಚರ್ಚೆಯಲ್ಲಿ ನಡೆದದ್ದೇ ಬೇರೆ. ಅಧಿವೇಶನ ಮುಗಿಯುವ ವಾರ ಅದು. ಧನವಿನಿಯೋಗ ಮಸೂದೆಯ ಮೇಲಿನ ಮಾತಿನ ಅವಕಾಶದಲ್ಲಿ, ತಡರಾತ್ರಿ, ಹೋಲಾ ವಿಷಯ ಎತ್ತಿಕೊಳ್ಳಲಾಗಿತ್ತು. ಕೀನ್ಯಾದ ಅನ್ಯಾಯಗಳನ್ನು ವರ್ಷಗಳಿಂದ ಬೆನ್ನುಹತ್ತಿದ್ದ ಲೇಬರ್ ಸದಸ್ಯೆ ಬಾರ್ಬರಾ ಕಾಸಲ್ ಮಾತಾಡಿದರು. ಗಂಟೆ ಒಂದು ದಾಟಿದ ಮೇಲೆ ಆಡಳಿತ ಪಕ್ಷದ ಸಾಲಿನಿಂದ ಈನಾಕ್ ಪೊವೆಲ್ ಎದ್ದರು. ಹಿಂದಿನ ವರ್ಷವಷ್ಟೇ ಹಣಕಾಸು ಖಾತೆಗೆ ರಾಜೀನಾಮೆ ಕೊಟ್ಟು ಬಂದವರು. ಯುದ್ಧಕಾಲದಲ್ಲಿ ಭಾರತದಲ್ಲಿದ್ದು, ಸಾಮ್ರಾಜ್ಯದ ಮೇಲೆ ಅಪಾರ ಮೋಹವಿಟ್ಟುಕೊಂಡಿದ್ದವರು. ಅವರಿಂದ ಸರ್ಕಾರಕ್ಕೆ ಅಪಾಯ ಬರಬಹುದೆಂದು ಯಾರೂ ಎಣಿಸಿರಲಿಲ್ಲ.

ಪೊವೆಲ್ ಅವರ ಸಿದ್ಧತೆ ಯಾವ ತಂಡದ್ದೂ ಅಲ್ಲ. ಸರ್ಕಾರವೇ ಪ್ರಕಟಿಸಿದ್ದ ಶ್ವೇತಪತ್ರಗಳನ್ನು ಅವರು ಗ್ರೀಕ್ ಪಠ್ಯ ಓದುವ ವಿದ್ವಾಂಸನ ಕಣ್ಣಿಂದ ಓದಿದ್ದರು. ಯೋಜನೆ ಯಾರು ಬರೆದರು, ಯಾರಿಗೆ ಕಳುಹಿಸಿದರು, ಯಾವ ಹಂತದಲ್ಲಿ ಒಪ್ಪಿಗೆ ಬಂತು, ಒಪ್ಪಿಗೆ ಕೊಟ್ಟವರಿಗೆ ಅಪಾಯ ತಿಳಿದಿತ್ತೇ ಎಂದು ಕಾಗದದಿಂದ ಕಾಗದಕ್ಕೆ ಹೋಗುತ್ತ, ಹೊಣೆ ಶಿಬಿರದ ಅಧಿಕಾರಿಯ ಬಳಿ ನಿಲ್ಲುವುದಿಲ್ಲ, ಅದು ಕೀನ್ಯಾ ಸರ್ಕಾರದ ಮೇಲಿನ ಸ್ತರಕ್ಕೆ ಏರುತ್ತದೆ ಎಂದು ತೋರಿಸಿದರು. ಅವರದೇ ಪಕ್ಷದ ಸದಸ್ಯರೊಬ್ಬರು ಸತ್ತವರನ್ನು ಮನುಷ್ಯರಿಗಿಂತ ಕೆಳಗಿನವರೆಂದು ಬಣ್ಣಿಸಿದ್ದರು. ಮನುಷ್ಯನ ಯೋಗ್ಯತೆ ಅಳೆದು, ಅದರ ಮೇಲೆ ಅವನ ಸಾವು ಲೆಕ್ಕಕ್ಕಿಲ್ಲ ಎನ್ನುವುದು ಭಯಂಕರ ತತ್ವ ಎಂದು ಪೊವೆಲ್ ಖಂಡಿಸಿದರು. ಆಫ್ರಿಕಾದಲ್ಲಿ ಆಫ್ರಿಕಾದ ಮಾನದಂಡ, ಏಷ್ಯಾದಲ್ಲಿ ಏಷ್ಯಾದ ಮಾನದಂಡ, ನಮ್ಮ ಮನೆಯಲ್ಲಿ ಮಾತ್ರ ಬ್ರಿಟಿಷ್ ಮಾನದಂಡ ಎಂದು ಆಳಲು ಸಾಧ್ಯವಿಲ್ಲ ಎಂಬುದು ಅವರ ವಾದದ ತಿರುಳು.

ಇದೇ ಪೊವೆಲ್ 1968ರಲ್ಲಿ ವಲಸಿಗರ ವಿರುದ್ಧ ಜನಾಂಗದ್ವೇಷ ಕೆರಳಿಸುವ ಕುಖ್ಯಾತ ಭಾಷಣ ಮಾಡಿದರು. ಅದನ್ನು ಮರೆಮಾಚಿ ಅವರನ್ನು ಮಾನವತಾವಾದಿಯೆಂದು ಕೊಂಡಾಡಬೇಕಿಲ್ಲ. ನನ್ನ ವಾದಕ್ಕೆ ಈ ವಿರೋಧಾಭಾಸ ಒಂದು ರೀತಿಯಲ್ಲಿ ಪುಷ್ಟಿಯನ್ನೇ ಕೊಡುತ್ತದೆ. ಆ ರಾತ್ರಿ ಕೆಲಸ ಮಾಡಿದ್ದು ಒಬ್ಬ ವ್ಯಕ್ತಿಯ ಹೃದಯವೈಶಾಲ್ಯವಲ್ಲ. ಮೇಜಿನ ಮೇಲಿದ್ದ ದಾಖಲೆ ಮತ್ತು ಅದನ್ನು ಪಕ್ಷದ ಕಣ್ಣಿನಿಂದಲ್ಲದೆ ತನ್ನ ಕಣ್ಣಿನಿಂದ ಓದಿದ ಒಬ್ಬ ಸದಸ್ಯ. ಮರಣ ವಿಚಾರಣೆ ನಡೆಯದಿದ್ದರೆ, ಅದರ ಸಾಕ್ಷ್ಯ ಮುದ್ರಣವಾಗದಿದ್ದರೆ, ಪೊವೆಲ್ ಕೈಯಲ್ಲಿ ನೀರಿನ ಗಾಡಿಯ ಕತೆಯ ಹೊರತು ಬೇರೇನೂ ಇರುತ್ತಿರಲಿಲ್ಲ.

ಭಾರತೀಯ ಓದುಗರಿಗೆ ಇನ್ನೂ ಹತ್ತಿರದ ಒಂದು ಚರ್ಚೆಯಿದೆ. 1920ರ ಜುಲೈ 8ರಂದು ಕಾಮನ್ಸ್ ಸಭೆ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನೂ ಜನರಲ್ ಡಯರನನ್ನೂ ಕುರಿತು ಚರ್ಚಿಸಿತು. ಭಾರತ ಮಂತ್ರಿ ಎಡ್ವಿನ್ ಮಾಂಟೇಗು ಡಯರನ ಕೃತ್ಯವನ್ನು ಮನಸಾರೆ ಖಂಡಿಸಿದವರು. ಆದರೂ ಅಂದು ಸದನವನ್ನು ಒಲಿಸಿಕೊಳ್ಳಲು ಅವರಿಂದಾಗಲಿಲ್ಲ. ಅವರಿಗೂ ತೊಡಕಾದದ್ದು ಹಳೆಯ ಒಂದು ಹೇಳಿಕೆ. 1919ರ ಡಿಸೆಂಬರಿನಲ್ಲಿ ಅವರು, ಹತ್ಯಾಕಾಂಡದ ವಿವರಗಳು ಪತ್ರಿಕೆಗಳಲ್ಲಿ ಓದುವವರೆಗೂ ತಮಗೆ ಗೊತ್ತಿರಲಿಲ್ಲ ಎಂದಿದ್ದರು. ಪಂಜಾಬಿನ ಲೆಫ್ಟಿನೆಂಟ್ ಗವರ್ನರನಾಗಿದ್ದ ಓಡ್ವಾಯರ್, ಆ ಬೇಸಿಗೆಯಲ್ಲೇ ತಾನು ಅವರಿಗೆ ಎಲ್ಲವನ್ನೂ ತಿಳಿಸಿದ್ದೆ ಎಂದು ವಾದಿಸಿದ. ಡಯರನ ಬೆಂಬಲಿಗರಿಗೆ ಇದು ಆಯುಧವಾಯಿತು. ಭಯ ಹುಟ್ಟಿಸಿ, ಜನಾಂಗವನ್ನು ಅವಮಾನಿಸಿ ಭಾರತವನ್ನು ಆಳುತ್ತೀರಾ ಎಂದು ಮಾಂಟೇಗು ಮತ್ತೆ ಮತ್ತೆ ಕೇಳಿದಾಗ ಸದನ ಕೆರಳಿತು.

ಸರ್ಕಾರವನ್ನು ಉಳಿಸಿದವರು ಯುದ್ಧ ಸಚಿವ ವಿನ್‌ಸ್ಟನ್ ಚರ್ಚಿಲ್. ಯೌವನದಲ್ಲಿ ಒಮ್ಮೆ ಸದನದಲ್ಲಿ ಮಾತು ಮರೆತು ಕೂತ ಮೇಲೆ ಅವರು ಪ್ರತಿ ಭಾಷಣವನ್ನೂ ಬರೆದು ತರುತ್ತಿದ್ದರು. ಅಂದು ಅವರು ಮೊದಲು ಸೇನಾಧಿಕಾರಿಗಳ ಮೇಲೆ ಕ್ರಮ ಕೈಗೊಳ್ಳುವ ನಿಯಮಗಳನ್ನು ಸಾವಧಾನವಾಗಿ ವಿವರಿಸಿ ಸದನದ ಕಾವು ಇಳಿಸಿದರು. ನಂತರ, ಸೈನಿಕ ಯಾವಾಗ ಗುಂಡು ಹಾರಿಸಬಹುದು ಎಂಬುದಕ್ಕೆ ಸರಳ ಪರೀಕ್ಷೆಗಳನ್ನು ಮುಂದಿಟ್ಟರು: ಗುಂಪಿನ ಕೈಯಲ್ಲಿ ಆಯುಧವಿತ್ತೇ, ಅದು ದಾಳಿಗೆ ಬರುತ್ತಿತ್ತೇ, ಬಳಸಿದ ಬಲ ಅಗತ್ಯಕ್ಕೆ ಮೀರಿತ್ತೇ. 1,650 ಗುಂಡುಗಳು, ಅಧಿಕೃತ ಲೆಕ್ಕದಲ್ಲೇ 379 ಸಾವು. ಈ ಅಂಕಿಗಳ ಮುಂದೆ ಡಯರನ ಸಮರ್ಥನೆ ನಿಲ್ಲಲಿಲ್ಲ. ಸರ್ಕಾರದ ವಿರುದ್ಧದ ಸೂಚನೆ 230 - 129 ಮತಗಳಿಂದ ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ಲಾರ್ಡ್ಸ್ ಸಭೆ ಮಾತ್ರ 129 - 86 ಮತಗಳಿಂದ ಡಯರನ ಪರವಾದ ನಿರ್ಣಯ ಅಂಗೀಕರಿಸಿತು.

ಒಳ್ಳೆಯ ಸಿದ್ಧತೆಗೆ ಚರ್ಚಿಲ್ ಭಾಷಣ ಮಾದರಿಯೆಂದು ಹೊಗಳುವವರಿದ್ದಾರೆ. ಕಲೆಗಾರಿಕೆಯ ದೃಷ್ಟಿಯಿಂದ ಅದು ಹೌದು. ಆದರೆ ಆ ಭಾಷಣ ಜಲಿಯನ್‌ವಾಲಾ ಬಾಗನ್ನು ಸಾಮ್ರಾಜ್ಯದ ಇತಿಹಾಸದಲ್ಲಿ ಎಲ್ಲಿಯೂ ಇಲ್ಲದ, ಏಕಾಂಗಿಯಾದ ದುರ್ಘಟನೆಯೆಂದು ಸಾರಿತು. ಒಬ್ಬ ಅಧಿಕಾರಿಯನ್ನು ಖಂಡಿಸಿ ಆಡಳಿತವನ್ನು ಪಾರು ಮಾಡಿತು. ಪಂಜಾಬಿನ ಮಾರ್ಷಲ್ ಲಾ, ಬೀದಿಯಲ್ಲಿ ತೆವಳಿಸಿದ ಆಜ್ಞೆ, ಚಾವಟಿ ಏಟುಗಳು, ಇವೆಲ್ಲ ಒಂದು ವ್ಯವಸ್ಥೆಯ ಫಲ ಎಂಬುದನ್ನು ಇವುಗಳ ತನಿಖೆ ನಡೆಸಿದ ಹಂಟರ್ ಸಮಿತಿಯ ಭಾರತೀಯ ಸದಸ್ಯರು ತಮ್ಮ ಪ್ರತ್ಯೇಕ ವರದಿಯಲ್ಲಿ ಕಟುವಾಗಿ ಎತ್ತಿದ್ದರು. ಚರ್ಚೆ ಆ ದಿಕ್ಕಿಗೆ ಹೊರಳಲೇ ಇಲ್ಲ. ಒಂದು ಘಟನೆಯನ್ನು ಅಪವಾದವೆಂದು ಒಪ್ಪಿಸುವುದೂ ಸಚಿವರ ಸಿದ್ಧತೆಯ ಒಂದು ಬಗೆ, ಮತ್ತು ಅದು ನೇರ ಸುಳ್ಳಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇದಕ್ಕೆ ಆಕ್ಷೇಪವೊಂದು ಬರಬಹುದು. ಸಚಿವರು ತಮ್ಮ ಸರ್ಕಾರವನ್ನು ಸಮರ್ಥಿಸಿಕೊಳ್ಳದೆ ಇನ್ನೇನು ಮಾಡಬೇಕು? ದೂರದಲ್ಲಿ ಕಷ್ಟದ ಸ್ಥಿತಿಯಲ್ಲಿ ಕೆಲಸ ಮಾಡುವ ಅಧಿಕಾರಿಗಳನ್ನು ಮೊದಲ ಟೀಕೆಗೇ ಕೈಬಿಟ್ಟರೆ ಆಡಳಿತ ನಡೆಯುವುದು ಹೇಗೆ? ಸಂಪುಟದ ಸಾಮೂಹಿಕ ಹೊಣೆಗಾರಿಕೆಯ ಅರ್ಥವೂ ಅದೇ ಅಲ್ಲವೇ? ಈ ಮಾತಿನಲ್ಲಿ ಹುರುಳಿದೆ. ನ್ಯಾಸಾಲ್ಯಾಂಡಿನಲ್ಲಿ ಗಲಭೆಗಳು ನಡೆದದ್ದು ನಿಜ. ಗವರ್ನರರ ಆತಂಕ ಕಟ್ಟುಕತೆಯಲ್ಲ ಎಂದು ಡೆವ್ಲಿನ್ ಅವರೂ ಒಪ್ಪಿದ್ದರು. ಆದರೆ ಸಮರ್ಥನೆಗೂ ಒಂದು ಕ್ರಮವಿದೆ. ಏನಾಯಿತೆಂದು ಮೊದಲು ತಿಳಿದು, ಆಮೇಲೆ ಸಮರ್ಥಿಸಬಹುದಾದದ್ದನ್ನು ಸಮರ್ಥಿಸುವುದು ಹೊಣೆಗಾರಿಕೆ. ಮೊದಲು ಸಮರ್ಥನೆಯನ್ನು ಸಾರಿ, ಆಮೇಲೆ ಅದಕ್ಕೆ ಹೊಂದುವಂತೆ ನಡೆದದ್ದನ್ನು ತಿದ್ದುವುದು ಹೊಣೆಗೇಡಿತನ. 1959ರಲ್ಲಿ ನಡೆದದ್ದು ಎರಡನೆಯದು.

ಮತಗಳಲ್ಲಿ ಸರ್ಕಾರ ಗೆದ್ದರೂ ಸತ್ಯ ಸದ್ದಿಲ್ಲದೆ ತನ್ನ ಕೆಲಸ ಮಾಡಿತು. 1959ರ ಅಕ್ಟೋಬರಿನ ಚುನಾವಣೆಯಲ್ಲಿ ಮ್ಯಾಕ್‌ಮಿಲನ್ ಪಕ್ಷ ನೂರು ಸ್ಥಾನಗಳ ಬಹುಮತದಿಂದ ಮರಳಿತು. ಲೆನಾಕ್ಸ್-ಬಾಯ್ಡ್ ಜಾಗಕ್ಕೆ ಇಯಾನ್ ಮ್ಯಾಕ್ಲಿಯಾಡ್ ಬಂದರು. ಹಳೆಯ ರೀತಿಯಲ್ಲಿ ಆಫ್ರಿಕಾವನ್ನು ಆಳಲಾಗದು ಎಂದು ತಮಗೆ ಮನವರಿಕೆಯಾದದ್ದು ಹೋಲಾದಿಂದ ಎಂದು ಅವರು ಮುಂದೆ ಬರೆದರು. 1960ರ ಏಪ್ರಿಲ್ 1ರಂದು ಬಂಡಾ ಬಿಡುಗಡೆಯಾದರು. ಕೀನ್ಯಾ 1963ರ ಡಿಸೆಂಬರಿನಲ್ಲಿ, ಮಲಾವಿ 1964ರ ಜುಲೈನಲ್ಲಿ ಸ್ವತಂತ್ರವಾದವು. ಆದರೆ ಹೋಲಾದ ಹನ್ನೊಂದು ಸಾವುಗಳಿಗಾಗಿ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಮುಚ್ಚಿಟ್ಟ ಕಾಗದಗಳ ಕತೆ ಅಲ್ಲಿಗೂ ಮುಗಿಯಲಿಲ್ಲ. ಸ್ವಾತಂತ್ರ್ಯ ಕೊಡುವ ಮುನ್ನ 37 ವಸಾಹತುಗಳಿಂದ ತೆಗೆದು ಇಂಗ್ಲೆಂಡಿಗೆ ಸಾಗಿಸಿದ್ದ ಸುಮಾರು 8,800 ಕಡತಗಳು ಹ್ಯಾನ್‌ಸ್ಲೋಪ್ ಪಾರ್ಕ್ ಎಂಬಲ್ಲಿ ಇರುವುದನ್ನು ಬ್ರಿಟಿಷ್ ಸರ್ಕಾರ 2011ರಲ್ಲಿ ಒಪ್ಪಿಕೊಂಡಿತು. ಕೀನ್ಯಾದ ವೃದ್ಧರು ಹೂಡಿದ್ದ ದಾವೆಯೇ ಅದನ್ನು ಹೊರತೆಗೆಯಿತು. 2013ರ ಜೂನ್ 6ರಂದು ವಿದೇಶಾಂಗ ಸಚಿವ ವಿಲಿಯಂ ಹೇಗ್ ಅದೇ ಕಾಮನ್ಸ್ ಸಭೆಯಲ್ಲಿ ಎದ್ದುನಿಂತು, ಕೀನ್ಯಾದ ಜನ ಚಿತ್ರಹಿಂಸೆಗೆ ಒಳಗಾದದ್ದು ನಿಜವೆಂದು ಒಪ್ಪಿ ವಿಷಾದಿಸಿದರು. 5,228 ಮಂದಿಗೆ ಒಟ್ಟು 1 ಕೋಟಿ 99 ಲಕ್ಷ ಪೌಂಡ್ ಪರಿಹಾರ ಘೋಷಿಸಿದರು. ಐದು ದಶಕಗಳ ಹಿಂದೆ ಹೇಳಬೇಕಿದ್ದ ಮಾತು ಅದು. ಅಷ್ಟರಲ್ಲಿ ಅದನ್ನು ಕೇಳಬೇಕಿದ್ದ ಬಹುಪಾಲು ಜನ ತೀರಿಕೊಂಡಿದ್ದರು.

ವಸಾಹತುಶಾಹಿ ಹೋದ ಮಾತ್ರಕ್ಕೆ ಈ ರೋಗವೂ ಹೋಯಿತೆಂದು ತಿಳಿಯಬಾರದು. ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದ ಬಂಡಾ, ಅಧಿಕಾರಕ್ಕೆ ಬಂದ ಮೇಲೆ ತಾವೂ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಬಂಧಿಸಿದರು, 1971ರಲ್ಲಿ ಆಜೀವ ಅಧ್ಯಕ್ಷರಾದರು, 1994ರವರೆಗೆ ಆಳಿದರು. ಸಂಸತ್ತು ಇತ್ತು, ಪ್ರಶ್ನಿಸುವವರಿರಲಿಲ್ಲ. ನಾವು ಕೂಡ ಪ್ರಶ್ನೋತ್ತರ, ಶ್ವೇತಪತ್ರ, ಸದನದಲ್ಲಿ ವರದಿ ಮಂಡನೆ, ತನಿಖಾ ಆಯೋಗ ಎಲ್ಲವನ್ನೂ ಅದೇ ಪರಂಪರೆಯಿಂದ ಪಡೆದೆವು. ಅವುಗಳಿಗೆ ಕೆಲವು ಒಳ್ಳೆಯ ಬೇಲಿಗಳನ್ನೂ ಹಾಕಿದ್ದೇವೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಪ್ರಕಾರ ಆಯೋಗದ ವರದಿಯನ್ನು, ಕೈಗೊಂಡ ಕ್ರಮದ ವಿವರಣೆಯೊಡನೆ, ಆರು ತಿಂಗಳೊಳಗೆ ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಮುಂದೆ ಇಡಬೇಕು. ಸಚಿವರು ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿಯಿದೆ. ನಮ್ಮ ವಿಧಾನಮಂಡಲದಲ್ಲೂ ಇದೆ. ತಪ್ಪು ಉತ್ತರ ಕೊಟ್ಟ ಸಚಿವರು ಅದನ್ನು ಸದನದಲ್ಲೇ ತಿದ್ದಿಕೊಳ್ಳುವ ವಿಧಾನವೂ ಇದೆ.

ಕೊರತೆಯಿರುವುದು ಇವನ್ನು ಗಟ್ಟಿಯಾಗಿ ಕೇಳುವವರದು. ಆರು ತಿಂಗಳ ಗಡುವು ಮೀರಿದಾಗ ಕೇಳಬೇಕು. ವರದಿಯನ್ನು ಅಧಿವೇಶನದ ಕೊನೆಯ ದಿನ ಮಂಡಿಸಿದರೆ ಏಕೆಂದು ಕೇಳಬೇಕು. ಕೈಗೊಂಡ ಕ್ರಮದ ಹೆಸರಿನಲ್ಲಿ ವರದಿಗೆ ಪ್ರತಿವಾದ ಬರೆದಿದ್ದರೆ ಅದನ್ನು ಗುರುತಿಸಬೇಕು. ಲಾಠಿಪ್ರಹಾರವೋ ಲಾಕಪ್ ಸಾವೋ ನಡೆದ ಮರುದಿನ ಸರ್ಕಾರ ಕೊಟ್ಟ ಹೇಳಿಕೆಯನ್ನು ತೆಗೆದಿಟ್ಟುಕೊಂಡು, ಮುಂದೆ ಬರುವ ಮರಣೋತ್ತರ ವರದಿಯ ಪಕ್ಕದಲ್ಲಿಟ್ಟು ಓದಬೇಕು. ಈ ಕೆಲಸವನ್ನು ವಿರೋಧ ಪಕ್ಷಕ್ಕಷ್ಟೇ ಬಿಟ್ಟರೆ ಸಾಲದು. ಆಡಳಿತ ಪಕ್ಷದ ಹಿಂದಿನ ಸಾಲಿನಲ್ಲಿ ಕೂತ ಶಾಸಕರು, ಪತ್ರಕರ್ತರು, ಮತ ಹಾಕಿದ ನಾವು ಎಲ್ಲರೂ ಮಾಡಬೇಕು. ಸಚಿವರು ಸಿದ್ಧರಾಗಿಯೇ ಬರುತ್ತಾರೆ, ಬರಲಿ. ಅವರಷ್ಟೇ ಸಿದ್ಧರಾಗಿ ದಾಖಲೆ ಓದಿ ಬಂದವರು ಎದುರಿಗಿದ್ದರೆ ಮಾತ್ರ ಸದನದಲ್ಲಿ ನಡೆಯುವುದನ್ನು ಚರ್ಚೆಯೆಂದು ಕರೆಯಬಹುದು.